ದೊಡ್ಡಪ್ಪನ ಕಾರಿನ ಹಿಂದಿನ ಸೀಟು

ಹೋದ ತಿಂಗಳು ನಾನೊಂದು ಸಣ್ಣ ಕಾರು ಕೊಂಡೆ. ರಾಮನಗರದ ಷೋರೂಮಿನವರು ಕೀಲಿಯ ಜೊತೆಗೆ ಒಂದು ಹಾರ, ಒಂದು ಸಿಹಿ ಡಬ್ಬಿ, ಬೆರಳುದ್ದದ ಒಂದು ಸೀಸೆ ಕೊಟ್ಟರು. ಸೀಸೆಯನ್ನು ಎ.ಸಿ.ಯ ಕಿಂಡಿಗೆ ಸಿಕ್ಕಿಸಿದರೆ ಕಾರಿನ ತುಂಬ ಚರ್ಮದ ಸೀಟಿನ ವಾಸನೆ ಬರುತ್ತದಂತೆ. ಸೀಟು ಮಾತ್ರ ಬಟ್ಟೆಯದೇ. "ದೊಡ್ಡ ಕಾರಲ್ಲಿ ಕೂತಂಗೇ ಇರ್ತದೆ ಮೇಡಂ" ಎಂದರು ಮಾರಾಟದವರು. ಮೂಸಿ ನೋಡಿ, ದೊಡ್ಡ ಕಾರು ಹೀಗೆ ನಾರುವುದಿಲ್ಲ ಎಂದುಬಿಟ್ಟೆ. ಗುರುತಿಲ್ಲದವರ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡುವವಳಲ್ಲ ನಾನು. ಆಡಿದ ಒಂದು ಮಾತೂ ಹೀಗೆ ಹೊರಟಿತು. ಅವರು ನನ್ನನ್ನೂ ನನ್ನ ಸಣ್ಣ ಕಾರನ್ನೂ ಒಮ್ಮೆ ನೋಡಿ, ವ್ಯಾಪಾರ ಮುಗಿದಿದ್ದರಿಂದ, ಮುಂದಿನ ಗಿರಾಕಿಯ ಕಡೆ ಹೋದರು.

ಆದರೆ ನಿಮಗೆ ಹೇಳಬಹುದು. ದೊಡ್ಡ ಕಾರಿನ ಒಳಗಿನ ವಾಸನೆ ನನಗೆ ಚೆನ್ನಾಗಿ ಗೊತ್ತು. ಹಳೆಯ ಚರ್ಮ, ಪೆಟ್ರೋಲು, ಹಿಪ್ಪುನೇರಳೆ ಸೊಪ್ಪು. ಮೂರನೆಯದು ಇಂಗ್ಲೆಂಡಿನಲ್ಲಿ ಹಾಕಿ ಕಳಿಸಿದ್ದಲ್ಲ.

ಸಾತನೂರಿನ ಹತ್ತಿರದ ನಮ್ಮೂರಿನಲ್ಲಿ ನನ್ನ ದೊಡ್ಡಪ್ಪನಿಗೆ ಒಂದು ಕಾರಿದೆ. ಇಂಗ್ಲೆಂಡಿನಲ್ಲಿ, ರಾಜರೂ ಗವರ್ನರುಗಳೂ ಓಡಾಡಲೆಂದು ಮಾಡಿದ ಜಾತಿಯದು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ನನ್ನನ್ನು ನಂಬುವುದನ್ನು ಇಲ್ಲಿಗೇ ನಿಲ್ಲಿಸುತ್ತೀರಿ. ಕಡುನೀಲಿ ಬಣ್ಣ. ಮೂತಿ ಎಷ್ಟು ಉದ್ದವೆಂದರೆ ನಮ್ಮ ಬೀದಿಯ ತಿರುವಿನಲ್ಲಿ ಮೊದಲು ಅದು ಬಂದು, ಒಂದಿಷ್ಟು ಹೊತ್ತಾದ ಮೇಲೆ ದೊಡ್ಡಪ್ಪ ಬರುತ್ತಿದ್ದ. ಡ್ಯಾಶ್‌ಬೋರ್ಡಿಗೆ ಅಕ್ರೋಟು ಮರ, ಕಾಲಡಿಗೆ ಜಮಖಾನದಷ್ಟು ದಪ್ಪದ ಹಾಸು, ಮುಂದಿನ ಸೀಟುಗಳ ಬೆನ್ನಿಗೆ ಮಡಿಸಿಡುವ ಪುಟ್ಟ ಮರದ ಮೇಜುಗಳು. ಬಾಗಿಲು ಹಾಕಿದರೆ ಮೊರಕ್ಕೆ ಹತ್ತಿ ಬಿದ್ದಷ್ಟೇ ಸದ್ದು. ಬೇರೆ ಯಾವ ಬಾಗಿಲನ್ನಾದರೂ ಸಿಟ್ಟಿನಿಂದ ಬಡಿಯಬಹುದು, ಇದರ ಬಾಗಿಲಿಗೆ ಸಿಟ್ಟು ತಾಕುತ್ತಲೇ ಇರಲಿಲ್ಲ. ದೊಡ್ಡವ್ವನಿಗೆ ಆ ಕಾರಿನ ಮೇಲಿದ್ದ ದೂರುಗಳಲ್ಲಿ ಇದು ಮೊದಲನೆಯದು.

ಎರಡನೆಯ ದೂರು, ಮನೆಯ ಒಳ್ಳೆಯ ಕೊಟ್ಟಿಗೆ ಕಾರಿಗೆ ಹೋಗಿ, ಸೋರುವ ಕೊಟ್ಟಿಗೆ ದನಗಳಿಗೆ ಉಳಿದದ್ದು. ಹರೆಯದಲ್ಲಿ ದೊಡ್ಡಪ್ಪ ರೇಷ್ಮೆ ನೂಲು ಕೊಡಲು ಬೆಂಗಳೂರಿಗೆ ಹೋಗುತ್ತಿದ್ದಾಗ, ದಾರಿಯ ಒಂದು ಬಂಗಲೆಯ ಪೋರ್ಟಿಕೋದಲ್ಲಿ ಈ ಕಾರು ನಿಂತಿರುತ್ತಿತ್ತಂತೆ. ಗೇಟಿನ ಸರಳಿಗೆ ಮುಖ ಒತ್ತಿಕೊಂಡು ನೋಡಿ, ಸೆಕ್ಯೂರಿಟಿಯವನು ಗದರಿದ ಮೇಲೆ ಮುಂದಕ್ಕೆ ಹೋಗುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಬಂಗಲೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಕಾರು ಗುಜರಿಗೆ ಹೊರಟಿತ್ತು. ದೊಡ್ಡಪ್ಪ ಟ್ರ್ಯಾಕ್ಟರ್ ತೆಗೆದುಕೊಂಡು ಹೋದ. ಕನಕಪುರ ರಸ್ತೆಯುದ್ದಕ್ಕೂ ಗವರ್ನರ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಸಂತೆಯಿಂದ ಹೊಡೆದು ತಂದ ಎಮ್ಮೆಯ ಹಾಗೆ ಬಂತು. ಏನು ಕೊಟ್ಟು ತಂದನೆಂದು ದೊಡ್ಡವ್ವನಿಗೆ ಇವತ್ತಿಗೂ ಹೇಳಿಲ್ಲ. ಅವಳು ಓದಿಬಿಟ್ಟರೆ ಕಷ್ಟ, ಆದ್ದರಿಂದ ನಾನೂ ಬರೆಯುವುದಿಲ್ಲ.

ಓಡುವ ಹಾಗೆ ಮಾಡಲು ಎರಡು ಮಳೆಗಾಲ ಹಿಡಿಯಿತು. ಓಡಿದ ಮೇಲೆ ದೊಡ್ಡಪ್ಪನಿಗೆ ಹೊಸದೊಂದು ಸಂಕಟ ಗೊತ್ತಾಯಿತು. ಆ ಕಾರಿನ ಸುಖವೆಲ್ಲ ಹಿಂದಿನ ಸೀಟಿನಲ್ಲಿತ್ತು. ಮೆತ್ತೆ, ಮೇಜು, ಓದುವ ದೀಪ, ಕಾಲು ಚಾಚುವ ಜಾಗ, ಎಲ್ಲ ಅಲ್ಲೇ. ಮುಂದೆ ಕೂತವನಿಗೆ ಬರೀ ಕೆಲಸ. ಆದರೆ ಇನ್ನೊಬ್ಬರ ಕೈಗೆ ಸ್ಟೀರಿಂಗು ಕೊಡುವ ಧೈರ್ಯ ಅವನಿಗೆ ಇರಲಿಲ್ಲ. ಹಾಗಾಗಿ ಕಾರು ಓಡುವಾಗ ಅವನು ಮುಂದೆ, ನಿಂತಾಗ ಹಿಂದೆ. ದಿನಾ ಸಂಜೆ ಕೊಟ್ಟಿಗೆಯಲ್ಲಿ ಹಿಂದಿನ ಬಾಗಿಲು ತೆಗೆದು ಕೂತು, ಮಡಿಸುವ ಮೇಜಿನ ಮೇಲೆ ಕಾಫಿ ಲೋಟ ಇಟ್ಟುಕೊಂಡು, ಎದುರಿನ ಗೋಡೆ ನೋಡುತ್ತ ಕಾಫಿ ಕುಡಿಯುತ್ತಿದ್ದ. ಬೇರೆ ಯಾರಿಗೂ ಆ ಸೀಟಿನಲ್ಲಿ ಕೂರಲು ಅಪ್ಪಣೆ ಇರಲಿಲ್ಲ. ರಜೆಯಲ್ಲಿ ಬಂದಾಗ ನಾನು ಮುಂದೆ ಕೂತು, ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಕನ್ನಡ ಮಾಡಿ ಹೇಳಬೇಕು. ಅದರಲ್ಲಿ ಪ್ರತಿ ಪುಟಕ್ಕೂ "ಯಜಮಾನರು ತಮ್ಮ ಚಾಲಕನಿಗೆ ಹೀಗೆ ಸೂಚಿಸತಕ್ಕದ್ದು" ಎಂದಿರುತ್ತಿತ್ತು. ದೊಡ್ಡಪ್ಪ ಗಂಭೀರವಾಗಿ "ಸೂಚಿಸ್ದೆ" ಎನ್ನುವನು. ಆಮೇಲೆ ಕೆಳಗಿಳಿದು, ಪಂಚೆ ಎತ್ತಿ ಕಟ್ಟಿ, ಬಾನೆಟ್ಟು ತೆಗೆದು ತಾನೇ ಎಣ್ಣೆ ನೋಡುವನು.

ಊರಾಚೆ ಹೋದರೆ ಮಾತ್ರ ಅವನನ್ನು ಯಾರೂ ಯಜಮಾನ ಎಂದುಕೊಳ್ಳುತ್ತಿರಲಿಲ್ಲ. ಅಂಥ ಕಾರನ್ನು ಓಡಿಸಿಕೊಂಡು ಬಂದ ಪಂಚೆಯ ಮನುಷ್ಯ ಡ್ರೈವರೇ ಇರಬೇಕಲ್ಲ. ಪೊಲೀಸರು ಹಿಂದಿನ ಕಿಟಕಿಗೆ ಬಗ್ಗಿ ಸಲ್ಯೂಟು ಹೊಡೆಯುವರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಪೆಟ್ರೋಲ್ ಬಂಕಿನವರು ಸಾಹೇಬರು ಬಂದಿಲ್ಲವೇ ಎಂದು ಕೇಳುವರು. ಮೈಸೂರು ರಸ್ತೆಯ ಒಂದು ಹೋಟೆಲಿನಲ್ಲಿ ಡ್ರೈವರುಗಳಿಗೆ ಹಿಂಭಾಗದ ಬೆಂಚಿನಲ್ಲಿ ಬಿಟ್ಟಿ ತಿಂಡಿ ಕೊಡುವ ಪದ್ಧತಿ. ದೊಡ್ಡಪ್ಪನನ್ನು ಕೈಹಿಡಿದು ಅಲ್ಲಿಗೇ ಕರೆದುಕೊಂಡು ಹೋದರು. ಅವಮಾನವಾಯಿತು, ಆದರೆ ಎರಡನೆಯ ವಡೆ ಬೇಡವೆನ್ನುವಷ್ಟಲ್ಲ. ಮನೆಗೆ ಬಂದು ಹೇಳಿಕೊಂಡಾಗ ದೊಡ್ಡವ್ವ, ಆ ಕಾರಿನಿಂದ ಇಷ್ಟು ವರ್ಷಕ್ಕೆ ಒಂದು ಲಾಭವಾಯಿತು ಎಂದಳು. ದೊಡ್ಡಪ್ಪ ನಗಲಿಲ್ಲ. ಆ ಅವಮಾನ ಅವನ ಒಳಗೇ ಕೂತಿದೆ ಎಂದು ನನಗೆ ಆಗ ತಿಳಿಯಿತು.

ಆದ್ದರಿಂದಲೇ ಬೆಂಗಳೂರಿನ ಹಳೆಯ ಕಾರುಗಳ ಪ್ರದರ್ಶನದ ಸುದ್ದಿ ಗೊತ್ತಾದಾಗ ಅವನು ನನ್ನಿಂದ ಫೋನು ಮಾಡಿಸಿದ. ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದು ರಜೆಗೆ ಊರಿಗೆ ಬಂದಿದ್ದೆ, ಮನೆಯವರ ಇಂಗ್ಲಿಷ್ ಫೋನುಗಳೆಲ್ಲ ನನ್ನ ಪಾಲು. ಪ್ರದರ್ಶನದ ಕಾರ್ಯದರ್ಶಿಗಳು ಕಾರಿನ ವಿವರ ಕೇಳಿ ಸಂತೋಷಪಟ್ಟರು. ಭಾನುವಾರ ಬೆಳಿಗ್ಗೆ ಬನ್ನಿ, ಪ್ರತಿ ಕಾರಿನ ಮುಂದೆ ಯಜಮಾನರ ಹೆಸರಿನ ಬೋರ್ಡು ಇಡುತ್ತೇವೆ ಎಂದರು. ದೊಡ್ಡಪ್ಪನಿಗೆ ಬೇಕಾದದ್ದು ಬಹುಮಾನವಲ್ಲ, ಆ ಬೋರ್ಡು. ಒಂದು ದಿನವಾದರೂ ಅದರ ಪಕ್ಕದಲ್ಲಿ ನಿಂತರೆ, ಕಾರು ಯಾರದೆಂದು ಯಾರೂ ಕೇಳುವಂತಿರಲಿಲ್ಲ. ಅಪ್ಪನ ಹೆಸರು, ಊರ ಹೆಸರು ಸೇರಿಸಿ ಪೂರ್ತಿ ಬರೆಸಬೇಕೆಂದು ನನ್ನ ಪಕ್ಕದಲ್ಲೇ ನಿಂತು ಹೇಳಿಸಿದ. ಬಿಳಿ ಅಂಗಿ, ಪಂಚೆ ಇಸ್ತ್ರಿಗೆ ಹೋದವು.

ಕಿಟಕಿಯ ಗಾಜು ಏರಿಸುವ ಹಿಡಿಯೊಂದರ ಗುಂಡು ಮುರಿದಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಪರಿಚಯದ ಸಾಹೇಬರಿಗೆ ಅದೇ ಅಳತೆಯ ಮರದ ಗುಂಡು ಕಡೆಯಲು ಕೊಟ್ಟಿದ್ದ. ಶುಕ್ರವಾರ ಅದನ್ನು ತರಲು ಬಸ್ಸಿನಲ್ಲಿ ಹೋದ. ಕಾರಿನಲ್ಲಿ ಹೋದರೆ ಧೂಳಾಗುತ್ತದಲ್ಲ.

ಅದೇ ಶುಕ್ರವಾರ ಮನೆಯ ರೇಷ್ಮೆ ಹುಳ ಹಣ್ಣಾದವು. ರೇಷ್ಮೆ ಮನೆಗಳಲ್ಲಿ ಬೆಳೆಯದವರಿಗಾಗಿ ಒಂದೆರಡು ಮಾತು. ಹುಳ ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದು ಬಿಡುತ್ತದೆ. ಮೈ ಹಳದಿಗೆ ತಿರುಗಿ, ದ್ರಾಕ್ಷಿಯ ಹಾಗೆ ಒಳಗೆಲ್ಲ ಬೆಳಕಾಗಿ, ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಂಕಿಗೆ, ಅಂದರೆ ಬಿದಿರಿನ ಸುರುಳಿ ಕೂರಿಸಿದ ತಟ್ಟಿಗೆ, ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ಈ ತಟ್ಟಿಗಳನ್ನು ನಮ್ಮ ಕಡೆ ಬಾಡಿಗೆಗೆ ತರುತ್ತಾರೆ. ಸೆಕೆಗೆ ನಮ್ಮ ಹುಳ ಒಂದು ದಿನ ಮುಂಚೆ ಹಣ್ಣಾಗಿದ್ದವು. ನಮಗೆ ಶನಿವಾರಕ್ಕೆ ಹೇಳಿದ್ದ ಚಂದ್ರಂಕಿಗಳು ಇನ್ನೂ ಬೇರೆಯವರ ಅಂಗಳದಲ್ಲಿದ್ದವು. ಹಣ್ಣಾದ ಹುಳ ಶನಿವಾರದ ತನಕ ಕಾಯುವುದಿಲ್ಲ. ಜಾಗ ಸಿಗದಿದ್ದರೆ ಕಸದಲ್ಲೇ ನೂಲು ಕಕ್ಕಿ ಹಾಳಾಗುತ್ತದೆ.

ದೊಡ್ಡವ್ವ ಒಣಗಿದ ತೊಗರಿ ಗಿಡಗಳನ್ನು ಹೊರೆ ಹೊರೆ ತಂದು ನಡುಮನೆಯಲ್ಲಿ ಹರಡಿ ಹುಳ ಬಿಟ್ಟಳು. ಅದು ತುಂಬಿತು. ಅಡಿಗೆಮನೆಯಲ್ಲಿ ಇರುವೆ. ಜಗುಲಿಯಲ್ಲಿ ಕೋಳಿ. ದನದ ಕೊಟ್ಟಿಗೆ ಸೋರುವುದು. ನಾನು ಕಾರಿನ ಒಳಗನ್ನು ಒರೆಸಲು ನಾಲ್ಕೂ ಬಾಗಿಲು ತೆಗೆದುಕೊಂಡು ಕೂತಿದ್ದೆ. ದೊಡ್ಡವ್ವ ಬಂದು ಕಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕಾರು ಮನೆಗೆ ಬಂದ ಮೇಲೆ ಅವಳು ಅದನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ನನ್ನನ್ನು ಕೆಳಗಿಳಿಯಲು ಹೇಳಿ, ಸೀಟಿಗೆ ಹಳೆ ಸೀರೆ ಹಾಸಿ, ಅದರ ಮೇಲೆ ತೊಗರಿ ಕಡ್ಡಿ ಜೋಡಿಸಿ, ಮೊರ ಮೊರ ಹುಳವನ್ನು ಒಳಗೆ ಕಳಿಸಿದಳು. ಡಿಕ್ಕಿಯೂ ತುಂಬಿತು. ಕಿಟಕಿಗಳನ್ನು ಗಾಳಿಗೆ ಬೇಕಾದಷ್ಟೇ ಇಳಿಸಿ ಬಾಗಿಲು ಹಾಕಿದಳು. ಸದ್ದಾಗಲಿಲ್ಲ. ಇವತ್ತು ಅವಳಿಗೆ ಅದು ಅನುಕೂಲವೇ ಆಯಿತು.

ದೊಡ್ಡಪ್ಪ ಸಂಜೆಗೆ ಬಂದ. ಗುಂಡು ಅಳತೆಗೆ ಸರಿಯಾಗಿತ್ತು, ಆದರೆ ಕೆಂಪು ಹಳದಿ ಪಟ್ಟೆ. ಕಂದು ಬಣ್ಣ ಮಕ್ಕಳಿಗೆ ಹಿಡಿಸುವುದಿಲ್ಲವೆಂದು ಬೊಂಬೆ ಸಾಹೇಬರು ತಾವೇ ತೀರ್ಮಾನಿಸಿದ್ದರು. ಇದನ್ನು ಹೇಳಿಕೊಳ್ಳಬೇಕೆಂದು ಕೊಟ್ಟಿಗೆಗೆ ಬಂದವನು ಕಿಟಕಿಯೊಳಗೆ ನೋಡಿ ನನ್ನ ಕಡೆ ತಿರುಗಿದ. ಸಿಟ್ಟು ಬಂದಾಗ ಅವನೂ ದೊಡ್ಡವ್ವನೂ ನನ್ನ ಮೂಲಕ ಮಾತಾಡುವುದು ಮನೆಯ ರೂಢಿ.

"ನಿಮ್ ದೊಡ್ಡವ್ವನ್ನ ಕೇಳು ಮಗ, ಭಾನುವಾರ ನಾನು ಏನ್ ತಗೊಂಡೋಗ್ಲಿ ಅಂತ."

"ಬಸ್ಸಲ್ಲಿ ಹೋಗಕ್ಕೆ ಹೇಳವ್ವ. ಬೋರ್ಡು ಇವ್ರ ಹೆಸ್ರಿಗೆ ತಾನೇ, ಪಕ್ಕದಲ್ಲಿ ನಿಂತ್ಕಂಡು ಬರ್ಲಿ."

"ಅದು ಯಾರು ಕೂರೋ ಸೀಟು ಅಂತಾನಾದ್ರೂ ಗೊತ್ತಾ ಕೇಳು."

"ಇರುವೆ ಇಲ್ಲ, ಹಲ್ಲಿ ಇಲ್ಲ, ಗಾಳಿ ಐತೆ. ಈ ಮನೇಲಿ ಇನ್ನೊಂದು ಅಂಥ ಜಾಗ ಮಡಗವ್ರಾ ಕೇಳು."

ಅವನು ಬಾಗಿಲು ತೆಗೆದ. ಇನ್ನೂ ಅಲೆದಾಡುತ್ತಿದ್ದ ಹುಳಗಳನ್ನು ಎತ್ತಿ ಮೊರಕ್ಕೆ ಹಾಕಬಹುದಿತ್ತು. ಹಾಗೆ ಮಾಡುವನೆಂದೇ ನಾನು ಮೊರ ಹಿಡಿದು ನಿಂತಿದ್ದೆ. ಮಡಿಸುವ ಮೇಜಿನ ಮೂಲೆಗೆ ಒಂದು ಹುಳ ಆಗಲೇ ನೂಲು ಹಚ್ಚಿತ್ತು. ತಲೆಯನ್ನು ಅತ್ತ ಇತ್ತ ಆಡಿಸುತ್ತ, ಕಾಫಿ ಲೋಟ ಇಡುವ ಜಾಗದ ಮೇಲೆ ಎಳೆ ಕಟ್ಟುತ್ತಿತ್ತು. ಒಮ್ಮೆ ನೂಲು ಹಿಡಿದ ಹುಳವನ್ನು ಎಬ್ಬಿಸಬಾರದು, ಕುಲುಕಲೂ ಬಾರದು. ಇದು ದೊಡ್ಡಪ್ಪನಿಗೆ ಕಾರು ಗೊತ್ತಾಗುವುದಕ್ಕೆ ಬಹಳ ಮೊದಲೇ ಗೊತ್ತಿದ್ದ ವಿಷಯ. ಅವನು ಅದನ್ನೇ ನೋಡುತ್ತ ಬಹಳ ಹೊತ್ತು ಬಗ್ಗಿ ನಿಂತಿದ್ದ. ಆಮೇಲೆ ಬಾಗಿಲು ಹಾಕಿ, ಪಟ್ಟೆಪಟ್ಟೆ ಗುಂಡನ್ನು ಜೇಬಿಗೆ ಹಾಕಿಕೊಂಡು, "ಫೋನ್ ಮಾಡಿ ಹೇಳ್ಬುಡವ್ವ, ಬರಕ್ಕಾಗಕ್ಕಿಲ್ಲ ಅಂತ" ಎಂದ.

ನೆಪ ಕಟ್ಟಲು ನನಗೆ ಬರುವುದಿಲ್ಲ. ಕಾರಿನಲ್ಲಿ ರೇಷ್ಮೆ ಹುಳಗಳು ಗೂಡು ಕಟ್ಟುತ್ತಿರುವುದರಿಂದ ಕಾರನ್ನು ಅಲುಗಿಸುವಂತಿಲ್ಲ ಎಂದು ಶುದ್ಧ ಇಂಗ್ಲಿಷಿನಲ್ಲಿ ಕಾರ್ಯದರ್ಶಿಗಳಿಗೆ ತಿಳಿಸಿದೆ. ಅವರು ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಬಣ್ಣವಾಗಲೀ ಎಂಜಿನ್ನಾಗಲೀ ಕೆಟ್ಟಿದ್ದರೆ ಮುಚ್ಚಿಡಬೇಕಾಗಿಲ್ಲ ಎಂದು ಸಮಾಧಾನ ಹೇಳಿ ಫೋನಿಟ್ಟರು.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಪಂಚೆ ಉಟ್ಟು, ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತ. ಎಲ್ಲಿಗೆ ಹೊರಟೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಊರಿಗೆ ಸುದ್ದಿ ಹರಡಿ ಜನ ಬರತೊಡಗಿದರು. ಹುಳ ನೋಡಲು ನಮ್ಮೂರಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಎಲ್ಲರ ಮನೆಯಲ್ಲೂ ಇರುತ್ತವೆ. ಇವರು ಬಂದದ್ದು, ತಾವು ಯಾರೂ ಕೂರದ ಸೀಟಿನಲ್ಲಿ ಕೂತವರು ಹೇಗಿದ್ದಾರೆಂದು ನೋಡಲು. ಒಬ್ಬೊಬ್ಬರೂ ಗಾಜಿಗೆ ಮುಖ ಒತ್ತಿ ನೋಡುವಾಗ, ಹೊಡೆಯಬೇಡಿ, ತಟ್ಟಬೇಡಿ ಎಂದು ದೊಡ್ಡಪ್ಪ ಕೂತಲ್ಲಿಂದಲೇ ಹೇಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತು ಹೇಳುತ್ತಿದ್ದ. ಸಂಜೆಗೆ ವಿವರಣೆಯೂ ಶುರುವಾಯಿತು.

ಸೋಮವಾರ ಬಿಳಿ ಮೀಸೆಯ ಒಬ್ಬರು ಬೆಂಗಳೂರಿನಿಂದ ಬಂದಿಳಿದರು. ಕಾರ್ಯದರ್ಶಿಗಳು. ನನ್ನ ಮಾತು ಅವರನ್ನು ಎರಡು ದಿನ ಕಾಡಿತ್ತಂತೆ. ದೊಡ್ಡಪ್ಪ ಹೊಲದಿಂದ ಬಂದು, ದನಗಳಿಗೆಂದು ತಲೆಯ ಮೇಲೆ ಹೊತ್ತು ತಂದ ಸೊಪ್ಪಿನ ಹೊರೆಯನ್ನು ಕೊಟ್ಟಿಗೆಯ ಮುಂದೆ ಇಳಿಸುತ್ತಿದ್ದ. ಮಂಡಿಯವರೆಗೆ ಮಣ್ಣು. ನಾನು ಜಗುಲಿಯಿಂದ ಏಳುವಷ್ಟರಲ್ಲಿ ಅವರು ಕೇಳಿಯೇ ಬಿಟ್ಟರು.

"ಈ ಕಾರಿನ ಯಜಮಾನರು ಇದ್ದಾರೇನಪ್ಪಾ?"

ದೊಡ್ಡಪ್ಪ ಅವರನ್ನೂ ಕಾರನ್ನೂ ನೋಡಿದ. ತೊಗರಿ ಕಡ್ಡಿಗಳ ತುಂಬ ಹೊನ್ನಿನ ಬಣ್ಣದ ಗೂಡುಗಳು ಗಾಜಿನೊಳಗೆ ಮಿನುಗುತ್ತಿದ್ದವು.

"ಒಳಗವ್ರೆ ಸ್ವಾಮಿ. ನಾಳೆ ಗಂಟ ಯಾರ್ನೂ ನೋಡಕ್ಕಿಲ್ಲ."

ಅವರು ಮನೆಯ ಬಾಗಿಲ ಕಡೆ ತಿರುಗಿದರು. ದೊಡ್ಡಪ್ಪ ಕಾರಿನ ಹಿಂದಿನ ಕಿಟಕಿ ತೋರಿಸಿದ. ಅವರು ಬಗ್ಗಿ ನೋಡಿದವರು ಏಳಲೇ ಇಲ್ಲ. ನಾನು ಹೋಗಿ, ಇವರೇ ಯಜಮಾನರು ಎಂದು ತಿದ್ದುವಷ್ಟರಲ್ಲಿ ದೊಡ್ಡಪ್ಪನೂ ಅವರ ಪಕ್ಕದಲ್ಲಿ ಬಗ್ಗಿ, ಮೇಜಿನ ಮೂಲೆಯ ಗೂಡನ್ನು ತೋರಿಸುತ್ತಿದ್ದ. ಅವರು ಅಕ್ರೋಟು ಮರದ ಬಗ್ಗೆ ಕೇಳುವರು, ಇವನು ಹುಳದ ಬಗ್ಗೆ ಹೇಳುವನು. ಇಬ್ಬರಿಗೂ ಪೂರ್ತಿ ತೃಪ್ತಿಯಾದ ಹಾಗಿತ್ತು. ಹೋಗುವಾಗ ಅವರು ಕೈ ಕೊಟ್ಟರು. ದೊಡ್ಡಪ್ಪ ಸೊಪ್ಪಿನ ಕೈ ಎಂದು ಮುಂಗೈ ಚಾಚಿದ. ಆಮೇಲೆ ಅವನು ಪ್ರದರ್ಶನದ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಈಗ ಹುಳ ಹಣ್ಣಾದಾಗಲೆಲ್ಲ, ಚಂದ್ರಂಕಿ ಸಾಕಷ್ಟಿದ್ದರೂ, ಒಂದು ಮೊರ ಕಾರಿಗೆ ಹೋಗುತ್ತದೆ. ದೊಡ್ಡವ್ವನೇ ಬೇಡವೆನ್ನುತ್ತಾಳೆ.

ನನ್ನ ಸಣ್ಣ ಕಾರನ್ನು ತೋರಿಸಲು ಹೋದ ವಾರ ಊರಿಗೆ ಹೋಗಿದ್ದೆ. ಆರ್.ಸಿ.ಯಲ್ಲಿ ನನ್ನ ಹೆಸರಿದೆ ಎಂದು ಹೇಳಲು ಕಾದಿದ್ದೆ. ನಾನು ಸಂಕೋಚದವಳು, ಜಂಬವಿಲ್ಲದವಳಲ್ಲ. ದೊಡ್ಡಪ್ಪ ಒಂದು ಸುತ್ತು ಹಾಕಿದ. ಸುತ್ತು ಬೇಗ ಮುಗಿಯಿತು. ಆಮೇಲೆ ಯಾರೂ ಹೇಳದೆ ಹಿಂದಿನ ಬಾಗಿಲು ತೆಗೆದು ಕೂತು, ಮೊಣಕಾಲು ಗದ್ದಕ್ಕೆ ತಾಗುತ್ತಿದ್ದರೂ ಬೆನ್ನು ಒರಗಿಸಿ, ಕನಕಪುರದವರೆಗೆ ಹೋಗಿಬರೋಣ ಎಂದ. ದಾರಿಯುದ್ದಕ್ಕೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಗೆ ನೋಡುತ್ತಿದ್ದ. ಗೋಡೆಯ ಬದಲು ಊರುಗಳು ಹಾದುಹೋಗುತ್ತಿದ್ದವು.

ಕನಕಪುರದಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿದಾಗ ಪಾರ್ಕಿಂಗಿನವರು ಬಂದರು. ನನ್ನನ್ನು ದಾಟಿ, ಹಿಂದಿನ ಕಿಟಕಿಗೆ ಬಗ್ಗಿ, "ಸಾರ್, ಆಯಮ್ಮಂಗೆ ಗಾಡಿ ಒಸಿ ಮುಂದಕ್ಕೆ ಹಾಕಕ್ಕೆ ಹೇಳಿ" ಎಂದರು.

ಕನ್ನಡಿಯಲ್ಲಿ ದೊಡ್ಡಪ್ಪನ ಮುಖ ಕಂಡಿತು. ಅವನು ನನ್ನನ್ನು ನೋಡಿದ. ಆರ್.ಸಿ. ಡ್ಯಾಶ್‌ಬೋರ್ಡಿನಲ್ಲೇ ಇತ್ತು. ನಾನು ಗೇರಿನ ಮೇಲೆ ಕೈ ಇಟ್ಟೆ.

"ಮುಂದಕ್ಕೆ ಹಾಕವ್ವ" ಎಂದ ದೊಡ್ಡಪ್ಪ, ಗವರ್ನರ ಗಾಂಭೀರ್ಯದಲ್ಲಿ.

ಮುಂದಕ್ಕೆ ಹಾಕಿ, ಇಳಿದು ಹೋಗಿ ಅವನ ಬಾಗಿಲು ತೆಗೆದೆ.