ಐದನೇ ಹಾಡಿನ ಸ್ವರ

ಕೆಲವು ವಿವರಗಳು ತಪ್ಪಿರಬಹುದು. ಆ ಸಿಡಿಯ ಹೊದಿಕೆ ಹಸಿರು ಎಂದೇ ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಬಿಜೈಯಲ್ಲಿರುವ ನಮ್ಮ ಈಗಿನ ಮನೆಯಲ್ಲಿ ಹಳೆಯ ಕಾಲೇಜು ಪುಸ್ತಕಗಳ ನಡುವೆ ಸಿಕ್ಕಿತು, ನೇರಳೆ ಬಣ್ಣದ್ದು.

ನಾವು ಕಾಟಿಪಳ್ಳದಲ್ಲಿದ್ದಾಗ ಪಕ್ಕದ ಮನೆಯ ಅಣ್ಣ ಮೂವರು ಗೆಳೆಯರೊಡನೆ ಮಾಡಿದ ಒಂದೇ ಆಲ್ಬಂ ಅದು. ಅವರ ಕಾರು ಶೆಡ್ಡಿನಲ್ಲಿ ಅರವತ್ತರ ದಶಕದ ಒರಟು ರಾಕ್ ಸಂಗೀತಕ್ಕೆ ಮತ್ತೆ ಜೀವ ಕೊಡಲು ಹೊರಟಿದ್ದರು. ಆದರೆ ಆಲ್ಬಂನಲ್ಲಿ ಗಿಟಾರು ನೀರಿನೊಳಗಿಂದ ಬಂದಂತೆ ಅಲುಗುತ್ತಿತ್ತು, ಎಲ್ಲವೂ ಅಮಲೇರಿದಂತೆ ಸುತ್ತುತ್ತಿತ್ತು... ಐದನೇ ಹಾಡಿನಲ್ಲಿ ಒಂದು ಹೆಣ್ಣುಸ್ವರ.

"ಇದೆಂತ, ಬೆಕ್ಕನ್ನು ಕಟ್ಟಿ ಹಾಕಿದ್ದಾ?" ಎಂದು ಕೇಳಿದ್ದೆ.

"ನಮ್ಮ ಅಜ್ಜಿ, ಮಾರಾಯ್ತಿ! ಅವರ ಪಾಡ್ದನವನ್ನು ಉಲ್ಟಾ ತಿರುಗಿಸಿದ್ದು. ನಮ್ಮಮ್ಮನಿಗೆ ಹೇಳ್ಬೇಡ, ಆಯ್ತಾ?"

ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅಜ್ಜಿ ಹಾಡುತ್ತಿದ್ದ ತುಳು ಹಾಡು ಅದು.

ಹದಿನೈದು ದಿನ ಕಳೆದಿರಬೇಕು. ಅಜ್ಜಿಗೆ ಪಾರ್ಶ್ವವಾಯುವಾಗಿ ಮಾತು ನಿಂತುಹೋಯಿತು. ಅಷ್ಟರಲ್ಲಿ ಐದನೇ ಹಾಡಿನ ಸಂಗತಿ ಅವರ ಮನೆಗೆ ತಲುಪಿತ್ತು.

"ಬದುಕಿದ್ದವರ ಸ್ವರ ತಿರುಗಿಸ್ತಾರಾ? ಅವರ ಬಾಯಿ ಕಟ್ಟಿದ್ದು ನೀನೇ!" ಅಣ್ಣನ ತಾಯಿ ಅಂಗಳದಲ್ಲಿ ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಅಜ್ಜಿ ಮತ್ತೆ ಮಾತಾಡದೆಯೇ ತೀರಿಕೊಂಡರು. ಅಣ್ಣ ಮೂಲ ರೆಕಾರ್ಡಿಂಗ್ ಅಳಿಸಿದ, ಉಳಿದ ಸಿಡಿಗಳನ್ನು ಸುಟ್ಟ, ಕುವೈತಿಗೆ ಹೋದ. ತಾಯಿ ಫೋನಿನಲ್ಲೂ ಅವನೊಡನೆ ಮಾತಾಡಲಿಲ್ಲವಂತೆ. ಕಳೆದ ವರ್ಷ ಅವನು ಅಲ್ಲೇ ತೀರಿಕೊಂಡ.

ಸಿಡಿ ಸಿಕ್ಕ ದಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಹಾಡನ್ನು ಹಿಂದುಮುಂದಾಗಿ ತಿರುಗಿಸಿದೆ. ಗಿಟಾರಿನ ಗದ್ದಲದ ಅಡಿಯಿಂದ ಅಜ್ಜಿಯ ಪಾಡ್ದನ ನೆಟ್ಟಗೆ ಬಂತು. ಅದು ಮುಗಿದದ್ದೇ ಒಂದು ನಗು, ಆಮೇಲೆ ತುಳುವಿನಲ್ಲಿ ಮಾತು: "ಸಾಕಾ ಮಗಾ? ಇನ್ನು ಉಲ್ಟಾ ಮಾಡು, ನೋಡುವ. ಪ್ರೇತದ ಹಾಗೆ ಕೇಳ್ತದಾ ಅಂತ."

ಅಜ್ಜಿಗೆ ಗೊತ್ತಿತ್ತು. ಅವರೇ ಒಪ್ಪಿ ಹಾಡಿದ್ದರು. ಅಣ್ಣ ಇದನ್ನು ತಾಯಿಗೆ ಹೇಳಿರಬೇಕು, ಅವರು ನಂಬಿರಲಿಕ್ಕಿಲ್ಲ... ಅಥವಾ ತನ್ನದೇ ತಪ್ಪು ಎಂದು ಅವನೂ ನಂಬಿಬಿಟ್ಟನೋ ಏನೋ. ನನ್ನ ನೆನಪಿನ ಆ ಅಂಗಳದಲ್ಲಿ ಅವನು ಬಾಯಿ ತೆರೆಯುವುದೇ ಇಲ್ಲ.

ಸಂಗತಿ ಅವರ ಮನೆಗೆ ತಲುಪಿದ್ದು ಹೇಗೆ ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವನ ಗೆಳೆಯನೊಬ್ಬ ಸಿಡಿ ಹಾಕಿ ತೋರಿಸುತ್ತಾನೆ. ಇನ್ನೊಂದರಲ್ಲಿ ನಾನು ಕಾಂಪೌಂಡಿನ ಬಳಿ ನಿಂತು ಅವನ ತಾಯಿಯ ಮುಂದೆ ಆ ಸ್ವರವನ್ನು ಅಣಕಿಸಿ ನಗುತ್ತಿದ್ದೇನೆ. ಎರಡೂ ಅಷ್ಟೇ ಸ್ಪಷ್ಟ. ಎರಡರಲ್ಲೂ ನನ್ನ ಅಮ್ಮ ಪಕ್ಕದಲ್ಲೇ ಇದ್ದಾರೆ.

ನಿನ್ನೆ ಅಮ್ಮ ಬಂಗುಡೆ ಮೀನು ತೊಳೆಯುತ್ತಿದ್ದಾಗ ಕೇಳಿದೆ. ತೊಳೆದಾಯಿತು, ಸಾರು ಮಾಡಿಯಾಯಿತು, ಊಟವೂ ಆಯಿತು. ಅವರು ಪಾತ್ರೆ ತೊಳೆಯಲು ಎದ್ದಾಗ ಮತ್ತೆ ಕೇಳಿದೆ.

"ಅಮ್ಮಾ, ಅವರಿಗೆ ಹೇಳಿದ್ದು ನಾನಾ?"