ಜರಡಿ ಅಕ್ಕನ ಹಸಿರು ದಾರ

ಚರ್ಚಿನ ಸಭೆಯ ಹೆಂಗಸರೆಲ್ಲ ಅವಳನ್ನು ಜರಡಿ ಅಕ್ಕ ಎಂದೇ ಕರೆಯುತ್ತಿದ್ದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು, ಅದರ ತುಂಬ ಯಾರ್ಯಾರೋ ಓದಿ ಕೊಟ್ಟ ಕಾದಂಬರಿಗಳು. ಪ್ರೀತಿಯ ಕತೆಗಳು, ಕೊಲೆ ಕಳವಿನ ಕತೆಗಳು, ಎರಡನ್ನೂ ಬೆರೆಸಿ ಬರೆದ ಕತೆಗಳು. ಯಾವ ಪುಸ್ತಕವೇ ಆಗಲಿ, ಬೀರು ಸೇರುವ ಮುಂಚೆ ಅಕ್ಕನ ಕೈ ದಾಟಬೇಕು ಎಂಬುದು ಅಲ್ಲಿಯ ಕಟ್ಟಳೆ. ಮದುವೆಗೆ ಮುಂಚೆ ಮುತ್ತಿರಬಾರದು, ಹೆಣ ಬಿದ್ದರೂ ರಕ್ತ ಹೆಚ್ಚು ಹರಿಯಬಾರದು, ಬೈಗುಳ ಸುತರಾಂ ಕೂಡದು, ಕೊನೆಗೆ ದೇವರ ಮೇಲಿನ ನಂಬಿಕೆಯೇ ಗೆಲ್ಲಬೇಕು. ಅಕ್ಷರ ಬಿಡದೆ ಓದಿ, ಪಾಸಾದ ಪುಸ್ತಕದ ಬೆನ್ನಿಗೆ ಅವಳೊಂದು ಹಸಿರು ದಾರ ಕಟ್ಟುತ್ತಿದ್ದಳು. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವವಳಿಗೆ ದಾರಕ್ಕೇನು ಬರ? ಫೇಲಾದ ಪುಸ್ತಕಗಳನ್ನೂ ಅವಳು ಕೊನೆಯ ಪುಟದವರೆಗೆ ಬಿಡದೆ ಓದಿರುತ್ತಿದ್ದಳು ಎನ್ನುವುದು ಮಾತ್ರ ತಂಗಿಯೊಬ್ಬಳಿಗೇ ಗೊತ್ತಿತ್ತು.

ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಹಬೆ, ಬ್ಲೀಚಿನ ವಾಸನೆ, ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಂದ ಒಂದೇ ಸಮನೆ ಹೊರಬರುವ ಹಾಸಿಗೆ ಬಟ್ಟೆಗಳು. ಅವುಗಳ ಮೂಲೆ ಹಿಡಿದು ಎಳೆದು ಮಡಚಿ ಮಡಚಿ ಅವಳ ಅಂಗೈ ಚರ್ಮ ದಪ್ಪಗಾಗಿತ್ತು. ರಕ್ತದ ಕಲೆಗೆ ಮೊದಲು ತಣ್ಣೀರು ಹಾಕಬೇಕು, ಬಿಸಿನೀರು ಬಿದ್ದರೆ ಅದು ಅಲ್ಲೇ ಕೂತುಬಿಡುತ್ತದೆ ಎಂಬುದು ಹೊಸಬರಿಗೆ ಅವಳು ಹೇಳುತ್ತಿದ್ದ ಮೊದಲ ಪಾಠ. ದಿನವಿಡೀ ಇಂಥದ್ದನ್ನೇ ನೋಡಿ ಮನೆಗೆ ಬರುವವಳಿಗೆ ಅಕ್ಕನ ಚೊಕ್ಕಟ ಕತೆಗಳನ್ನು ಕಂಡರೆ ಮೂಗು ಮುರಿಯುವ ಹಾಗಾಗುತ್ತಿತ್ತು.

"ಕೊನೆಗೆ ಕಳ್ಳ ಸಿಕ್ಕಿಬೀಳ್ತಾನೆ, ಅವಳಿಗೆ ಮದುವೆ ಆಗುತ್ತೆ. ಗೊತ್ತಿರೋದನ್ನ ಎಷ್ಟು ಸಲ ಓದ್ತೀಯಕ್ಕ?"

"ಸಿಕ್ಕಿಬೀಳ್ತಾನೆ ಅಂತ ಗೊತ್ತಿರೋದಕ್ಕೇ ಕಣೇ ಆರಾಮಾಗಿ ಹೆದರ್ಕೊಳ್ಳೋಕಾಗೋದು" ಎನ್ನುತ್ತಿದ್ದಳು ಅಕ್ಕ, ಪುಟದಿಂದ ಕಣ್ಣು ಎತ್ತದೆ.

ತಂಗಿ ನಗುತ್ತಿದ್ದಳು, ಆದರೆ ಒಳಗೊಂದು ಮುಳ್ಳು ಇದ್ದೇ ಇತ್ತು. ತಾಯಿ ಸತ್ತಾಗ ಅವಳಿಗಿನ್ನೂ ತನ್ನ ಜಡೆ ತಾನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಸಾಕಿದ್ದು ಅಕ್ಕನೇ. ಅದೇ ಕಾಲದಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಒಳ್ಳೆಯ ಮನುಷ್ಯ ಅಕ್ಕನನ್ನು ಮದುವೆಗೆ ಕೇಳಿಕೊಂಡು ಬಂದಿದ್ದ. "ಚಿಕ್ಕವಳಿದ್ದಾಳೆ" ಎಂದು ಅಕ್ಕ ಬಾಗಿಲಲ್ಲೇ ಹೇಳಿ ಕಳಿಸಿದ್ದನ್ನು ಚಿಕ್ಕವಳು ಮಂಚದ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಆತ ಬೇರೆ ಊರು, ಬೇರೆ ಹೆಂಡತಿ ನೋಡಿಕೊಂಡ. ಅಕ್ಕ ಕಾದಂಬರಿ ಹಿಡಿದಳು. ನಾನೊಬ್ಬಳು ಇಲ್ಲದಿದ್ದರೆ ಇವಳು ಕಾಗದದ ಗಂಡಸರ ಜೊತೆ ಸಂಸಾರ ಮಾಡಬೇಕಾಗಿರಲಿಲ್ಲ ಎಂದು ತಂಗಿಗೆ ಅನಿಸದ ವರ್ಷವಿಲ್ಲ. ಕೇಳಿದ್ದಿಲ್ಲ. ಅಕ್ಕನೂ ಹೇಳಿದ್ದಿಲ್ಲ. ಮನಸ್ಸಿನ ಮಾತು ಬಾಯಿಗೆ ಬರುವ ಹೊತ್ತಿಗೆ ಇಬ್ಬರಿಗೂ ಒಲೆಯ ಮೇಲೆ ಏನಾದರೂ ಇಟ್ಟದ್ದು ನೆನಪಾಗುತ್ತಿತ್ತು.

ಹೀಗಿರುವಾಗ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಒಂದು ಆಪರೇಶನ್ ಆಯಿತು. ಆಮೇಲಿನ ಪರೀಕ್ಷೆಗಳೂ ಮುಗಿದ ಮೇಲೆ, ತಂಗಿ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಾಗ ಡಾಕ್ಟರು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು.

"ಇನ್ನು ತೆಗೆಯೋ ಹಾಗಿಲ್ಲಮ್ಮ, ಹರಡಿಬಿಟ್ಟಿದೆ. ನೋವು ಕಡಿಮೆ ಮಾಡ್ಬಹುದು, ಅಷ್ಟೇ. ಅಕ್ಕನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ" ಎಂದಳು. ಮನೆಗೆ ಬಂದು ಹೇಳಿದ್ದು ಬೇರೆ. "ಮಾತ್ರೆ ಬದಲಾಯಿಸಿದ್ದಾರೆ. ನಿಧಾನಕ್ಕೆ ಸರಿಹೋಗುತ್ತಂತೆ."

"ಹೋಗ್ಲಿ ಬಿಡು" ಎಂದ ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ಆ ಮಾತ್ರೆಗಳಿಂದ ಅವಳಿಗೆ ಅಕ್ಷರಗಳು ಕಲಸಿಕೊಂಡು ಕಾಣತೊಡಗಿದವು. ಓದಲಾಗದ ಅಕ್ಕ ಮಂಚದ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಲಾಗದೆ, ಒಂದು ಭಾನುವಾರ ತಂಗಿ ಬೀರುವಿನಿಂದ ಕೈಗೆ ಸಿಕ್ಕ ದಪ್ಪ ಪುಸ್ತಕವೊಂದನ್ನು ತಂದಳು. ಅಂದಿನಿಂದ ಕೆಲಸ ಮುಗಿಸಿ ಬಂದು, ಕಿಟಕಿಯ ಬೆಳಕು ಇರುವಷ್ಟು ಹೊತ್ತು ಗಟ್ಟಿಯಾಗಿ ಓದುವುದು ರೂಢಿಯಾಯಿತು.

ಕತೆ ಒಬ್ಬ ಬೇಕರಿಯವನ ಮಗಳದ್ದು. ಊರಿನ ಚರ್ಚಿಗೆ ಯಾರೋ ಬೆಂಕಿ ಹಚ್ಚಿರುತ್ತಾರೆ. ಅದನ್ನು ಮತ್ತೆ ಕಟ್ಟಲು ಬಂದ ಬಡಗಿಯ ಮೇಲೆ ಇವಳಿಗೆ ಮನಸ್ಸಾಗುತ್ತದೆ, ಊರವರಿಗೆ ಅವನ ಮೇಲೆಯೇ ಗುಮಾನಿ. ಮೂಗು ಮುರಿಯುತ್ತಿದ್ದ ತಂಗಿಗೂ ರುಚಿ ಹತ್ತಿತು. ರೋಲರಿನ ಮುಂದೆ ನಿಂತಾಗಲೂ ಬೆಂಕಿ ಹಚ್ಚಿದವನು ಯಾರಿರಬಹುದು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ಪುಟ ತಿರುವಿದವಳು ಗಕ್ಕನೆ ನಿಂತಳು. ಹುಡುಗಿಯ ತಾಯಿಗೆ ಕಾಯಿಲೆ, ಹೊಟ್ಟೆಯದ್ದೇ. ಡಾಕ್ಟರು ಕೈ ಚೆಲ್ಲಿದ್ದಾರೆ. ಕಣ್ಣು ಮುಂದಕ್ಕೆ ಓಡಿತು, ಇನ್ನೆರಡು ಪುಟದಲ್ಲಿ ಆಕೆ ಸಾಯುತ್ತಾಳೆ.

"ಯಾಕೆ ನಿಲ್ಲಿಸಿದೆ?"

"ಕೆಮ್ಮು" ಎಂದವಳು ಕೆಮ್ಮಿ, ಓದಿದಳು. ತಾಯಿಗೆ ಹೊಸ ಔಷಧಿ ಹಿಡಿಯಿತು. ಮಾರನೆಯ ದಿನ ಎದ್ದು ಕೂತು ಗಂಜಿ ಕುಡಿದಳು. ಪುಸ್ತಕದಲ್ಲಿ ಇಲ್ಲದ ಗಂಜಿ ಅದು.

ಒಂದು ಸುಳ್ಳು ಹೇಳಿದವಳಿಗೆ ಅದನ್ನು ಸಾಕುವ ಕೆಲಸ ತಪ್ಪುವುದಿಲ್ಲ. ಸತ್ತ ಆ ತಾಯಿಯನ್ನು ಪುಟಪುಟಕ್ಕೂ ಬದುಕಿಸುವುದರಲ್ಲಿ ತಂಗಿ ಹೈರಾಣಾದಳು. ಮಗಳು ಸಮಾಧಿಗೆ ಹೂವು ಒಯ್ದರೆ ಅದು ಹಾಸಿಗೆಯ ಪಕ್ಕದ ಹೂದಾನಿಗೆ ಬರಬೇಕಿತ್ತು. "ನಿಮ್ಮಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರು" ಎಂದು ಬಡಗಿ ಕಣ್ಣೊರೆಸಿಕೊಂಡರೆ, "ನಿಮ್ಮಮ್ಮನಿಗೆ ಸಂತೋಷ ಆಗುತ್ತೆ" ಎಂದು ಓದಿ, ಕಣ್ಣೊರೆಸಿಕೊಂಡದ್ದಕ್ಕೆ ಮರದ ಪುಡಿ ಬಿದ್ದಿತ್ತು ಎಂದು ಕಾರಣ ಕೊಡಬೇಕಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಂದೊಂದು ಸಲ ಅವಳ ತುಟಿಯ ಮೂಲೆ ಅಲುಗುತ್ತಿತ್ತು, ತಂಗಿ ಅದನ್ನು ನೋವು ಎಂದುಕೊಂಡಳು.

ಕೊನೆಗೆ ಬೆಂಕಿ ಹಚ್ಚಿದವನು ಸಿಕ್ಕಿಬಿದ್ದ, ಮದುವೆಯೂ ಆಯಿತು. ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು ಎಂದು ಓದಿ ತಂಗಿ ಪುಸ್ತಕ ಮುಚ್ಚಿದಳು.

"ಯಾವ ಬಣ್ಣದ ಬಟ್ಟೆ ಹಾಕಿದ್ಲು?" ಎಂದಳು ಅಕ್ಕ.

"ಯಾರು?"

"ಅವಳಮ್ಮ."

"ನೀಲಿ."

"ಸತ್ತವಳಿಗೆ ನೀಲಿ ಚೆನ್ನಾಗಿ ಒಪ್ಪುತ್ತೆ."

ಅಕ್ಕ ಕಣ್ಣು ತೆರೆದು ಪುಸ್ತಕದ ಕಡೆ ಬೆರಳು ತೋರಿಸಿದಳು. ಬೆನ್ನಿಗೆ ಕಟ್ಟಿದ ಹಸಿರು ದಾರದ ಗಂಟಿನ ಮೇಲೆಯೇ ಇತ್ತು ತಂಗಿಯ ಹೆಬ್ಬೆರಳು, ಇಷ್ಟು ದಿನವೂ ಅಲ್ಲೇ ಇತ್ತು. ದಾರವಿಲ್ಲದ, ಎಂದರೆ ಅಕ್ಕ ಓದಿರದ, ಪುಸ್ತಕ ಆ ಬೀರುವಿನಲ್ಲಿ ಇಲ್ಲವೇ ಇಲ್ಲ ಎಂದು ಸಭೆಯ ಮಕ್ಕಳಿಗೂ ಗೊತ್ತು. ಒಂದೇ ಮನೆಯಲ್ಲಿ ಉಂಡು ಮಲಗಿದವಳಿಗೆ ಮಾತ್ರ ಹೊಳೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗಿತ್ತು ಅವಳ ಓದು.

"ಅಕ್ಕ, ಡಾಕ್ಟರು..."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಹೊಟ್ಟೆ ನಂದೇ ಅಲ್ವಾ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಗುಮಾನಿ ಇತ್ತು. ನೀನು ಆ ಹೆಂಗಸಿಗೆ ಗಂಜಿ ಕುಡಿಸಿದ ದಿನ ಖಾತ್ರಿ ಆಯ್ತು. ಅಷ್ಟು ಕಷ್ಟಪಟ್ಟು ಬದುಕಿಸ್ತಿದ್ದೀಯ, ಯಾಕೆ ತಡೀಲಿ ಅಂತ ಸುಮ್ಮನಿದ್ದೆ."

ತಂಗಿ ಅತ್ತಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಳದೆ ಉಳಿಸಿಕೊಂಡದ್ದೆಲ್ಲ ಆಗ ಬಂತು. ಅಕ್ಕ ಅವಳು ಮುಗಿಸುವವರೆಗೆ ಕಾದಳು.

"ಈಗ ಹಿಂದಕ್ಕೆ ಹೋಗು. ನೀನು ಹಾರಿಸಿದ್ಯಲ್ಲ, ಅವಳು ಸಾಯೋ ಭಾಗ. ಅದನ್ನ ಇದ್ದ ಹಾಗೇ ಓದು."

"ಬೇಡಕ್ಕ."

"ಸಾಯೋ ಮುಂಚೆ ಮಗಳಿಗೆ ಒಂದು ಮಾತು ಹೇಳ್ತಾಳೆ. ನನಗೆ ಅಂಥದ್ದೆಲ್ಲ ಬಾಯಲ್ಲಿ ಹೇಳೋಕೆ ಬರಲ್ಲ, ನಿನಗೇ ಗೊತ್ತು. ಓದು."

ತಂಗಿ ಪುಟ ಹುಡುಕಿದಳು. ಕಿಟಕಿಯ ಬೆಳಕು ಕಮ್ಮಿಯಾಗಿತ್ತು, ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದಿದಳು. ಡಾಕ್ಟರು ಹೋದ ಮೇಲೆ ತಾಯಿ ಮಗಳನ್ನು ಪಕ್ಕಕ್ಕೆ ಕರೆಯುತ್ತಾಳೆ. "ನಿನ್ನಿಂದ ನನ್ನ ಬದುಕು ನಿಂತಿತು ಅಂತ ನೀನು ಅಂದುಕೊಂಡಿದ್ದೀಯ. ನೀನೇ ನನ್ನ ಬದುಕು. ಬೇರೆ ಯಾವುದನ್ನೂ ನಾನು ಕೇಳಲಿಲ್ಲ, ಬೇರೆ ಯಾವುದೂ ನನಗೆ ಕಡಿಮೆಯಾಗಲಿಲ್ಲ."

ಓದಿ ತಲೆ ಎತ್ತಿದರೆ ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ನಾಚಿಕೆಯಾಗಿತ್ತೇನೋ.

"ಇನ್ನೊಂದ್ಸಲ ಓದು" ಎಂದಳು.

ತಂಗಿ ಇನ್ನೊಂದು ಸಲ ಓದಿದಳು. ಆಮೇಲೆ ಇಬ್ಬರಿಗೂ ಒಲೆಯ ಮೇಲೆ ಇಟ್ಟ ನೀರು ನೆನಪಾಯಿತು.

ಆ ಚಳಿಗಾಲ ಮುಗಿಯುವ ಮುಂಚೆ ಅಕ್ಕ ಹೋದಳು. ಅವಳ ಕೊನೆಯ ಹಾಸಿಗೆ ಬಟ್ಟೆಯನ್ನು ತಂಗಿ ಯಾರ ಕೈಗೂ ಕೊಡದೆ ತಣ್ಣೀರಿನಲ್ಲಿ ತಾನೇ ಒಗೆದಳು. ಮನೆಯಲ್ಲಿ ಉಳಿದಿದ್ದ ಬೀರುವಿನ ಪುಸ್ತಕಗಳನ್ನು ವಾಪಸ್ ಕೊಡಲು ಹೋದಾಗ ಸಭೆಯ ಹೆಂಗಸೊಬ್ಬಳು, ಬೇಕರಿ ಹುಡುಗಿಯ ಕತೆಯೊಂದು ಇತ್ತಲ್ಲ, ಎಲ್ಲಿ ಎಂದು ಕೇಳಿದಳು. ಎಲ್ಲೋ ಕಳೆದುಹೋಯಿತು ಎಂದಳು ತಂಗಿ. ಹೆಂಗಸು ನಂಬಿದಳು. ತಂಗಿಯ ಸುಳ್ಳನ್ನು ಕಂಡುಹಿಡಿಯಬಲ್ಲವರು ಈಗ ಯಾರೂ ಇರಲಿಲ್ಲ.