ಹಾಲಮ್ಮನವರ ಎಡೆಯಲ್ಲಿ ಒಂದು ಗೆಣಸು

ಸತ್ತವರು ಬಂದು ಉಂಡು ಹೋಗುತ್ತಾರೆಂದು ನಾನು ನಂಬಿದವನಲ್ಲ. ಈಗ ನಂಬುತ್ತೇನೆ ಎನ್ನಲೂ ಬಾಯಿ ಬರುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಆಧಾರವಿಲ್ಲದ ಮಾತು ಆಡಬಾರದೆಂಬುದು ಮೈಗೆ ಹತ್ತಿದ ಅಭ್ಯಾಸ. ಆದರೆ ಇಲ್ಲಿ ಬರೆಯುತ್ತಿರುವುದಕ್ಕೆ ನನ್ನ ನೆನಪಿನ ಹೊರತು ಬೇರೆ ಆಧಾರವಿಲ್ಲ. ಆ ನೆನಪಿನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ. ಓದುವವರಿಗೆ ಇದು ಮೊದಲೇ ಗೊತ್ತಿರಲಿ.

ಕೆಲವು ವರ್ಷಗಳ ಹಿಂದೆ ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹಾಲಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಕೋಣೆಯಲ್ಲಿ ರುವಾಂಡಾದಿಂದ ಎಂಜಿನಿಯರಿಂಗ್ ಓದಲು ಬಂದಿದ್ದ ಎಮಾನ್ಯುಯೆಲ್ ಎಂಬ ಯುವಕನಿದ್ದ. ಹಾಲಮ್ಮನವರ ಬಾಯಲ್ಲಿ ಅವನು ಬಂದ ವಾರವೇ ಇಮ್ಮಣ್ಣ ಆಗಿಬಿಟ್ಟ. ಸಂಜೆ ಅವನು ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರೆ ಬೀದಿಯವರು ಮೊದಮೊದಲು ನಿಂತು ನೋಡುತ್ತಿದ್ದರು. ಆಮೇಲೆ ಅವನೇ ಅವರನ್ನು ನಿಲ್ಲಿಸಿ ಮಾತಾಡಿಸತೊಡಗಿದ.

ಅವನ ದೇಶದ ಕಥೆಯನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಟುಟ್ಸಿ, ಹುಟು ಎಂಬ ಎರಡು ಹೆಸರು ಅಲ್ಲಿ ಮೊದಲಿನಿಂದಲೂ ಇದ್ದವು. ಮೇಲುಕೀಳೂ ಇತ್ತು. ಆದರೆ ಭಾಷೆ ಒಂದೇ, ದೇವರು ಒಂದೇ, ಗುಡ್ಡವೂ ಒಂದೇ. ದನ ಹೆಚ್ಚಾದರೆ ಹುಟು ಎನಿಸಿಕೊಂಡವನು ಟುಟ್ಸಿ ಆಗುವುದೂ ಇತ್ತು. ಬೆಲ್ಜಿಯಂನವರು ಬಂದು ಮೂಗು ಅಳೆದರು, ಎತ್ತರ ಅಳೆದರು, ನೀಳ ಮೂಗಿನ ಟುಟ್ಸಿಗಳು ಆಳಲು ಹುಟ್ಟಿದವರು, ಅಗಲ ಮೂಗಿನ ಹುಟುಗಳು ದುಡಿಯಲು ಹುಟ್ಟಿದವರು ಎಂದು ತೀರ್ಮಾನಿಸಿ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲೂ ಅದನ್ನು ಬರೆದುಬಿಟ್ಟರು. ಮುಂದೆ ಅದು ತಂದೆಯಿಂದ ಮಕ್ಕಳಿಗೆ ಇಳಿಯಿತು. ನಮ್ಮಲ್ಲೂ ಬ್ರಿಟಿಷರು ಜಾತಿವಾರು ಮೂಗು ಅಳೆದಿದ್ದರು ಎಂದು ಹೇಳಿದಾಗ ನನ್ನ ವಿದ್ಯಾರ್ಥಿಗಳು ಮೂಗು ಮುಟ್ಟಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇಮ್ಮಣ್ಣ ಇದನ್ನೇ ತನ್ನ ಮನೆಯ ಕಥೆಯಾಗಿ ಹೇಳಿದ. ಅವನ ಅಜ್ಜನಿಗೆ ದನ ಹೆಚ್ಚಿದ್ದವು, ಅಜ್ಜನ ತಮ್ಮನಿಗೆ ಕಡಿಮೆ. ಚೀಟಿ ಬರೆಯುವವರು ಬಂದ ದಿನ ಒಂದೇ ತಾಯಿಯ ಮಕ್ಕಳು ಎರಡು ಕುಲವಾದರು, ಅಜ್ಜ ಟುಟ್ಸಿ, ತಮ್ಮ ಹುಟು. 1994ರಲ್ಲಿ ಹುಟುಗಳ ಪಡೆಗಳು ಟುಟ್ಸಿಗಳನ್ನು ಕೊಲ್ಲತೊಡಗಿದಾಗ ಇಮ್ಮಣ್ಣ ಐದು ವರ್ಷದವನು. ತಂದೆಯನ್ನು ಆಗಲೇ ಕೊಂದಿದ್ದರು. ತಾಯಿ ಹುಟು. ಆಕೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ತಂಗಿಯನ್ನು ಚಿಕ್ಕಮ್ಮನ ಸೊಂಟದ ಮೇಲೆ ಕೂರಿಸಿ ಓಡುತ್ತಿದ್ದಾಗ ದಾರಿಯಲ್ಲಿ ಅಡ್ಡ ಕಟ್ಟಿಗೆ ಇಟ್ಟುಕೊಂಡು ನಿಂತವರು ತಡೆದರು. ಅವರಲ್ಲಿ ಒಬ್ಬ ಆ ಚಿಕ್ಕಜ್ಜನ ಮೊಮ್ಮಗ. ಅವನು ಮಕ್ಕಳಿಬ್ಬರ ಮುಖ ನೋಡಿದ. ಇಮ್ಮಣ್ಣನಿಗೆ ತಾಯಿಯ ಅಗಲ ಮೂಗು, ತಂಗಿಗೆ ಅಜ್ಜನ ನೀಳ ಮೂಗು. ತಾಯಿಯನ್ನೂ ಬೆನ್ನ ಮೇಲಿದ್ದವನನ್ನೂ ಬಿಟ್ಟರು. ತಂಗಿಯನ್ನೂ ಅವಳನ್ನು ಎತ್ತಿಕೊಂಡಿದ್ದ ಚಿಕ್ಕಮ್ಮನನ್ನೂ ಅಲ್ಲೇ ತಡೆದಿಟ್ಟುಕೊಂಡರು. ಅವರ ಮೂಳೆಯೂ ಸಿಗಲಿಲ್ಲ. ಊರಿನಲ್ಲಿ ವರ್ಷಕ್ಕೊಮ್ಮೆ ಸತ್ತವರ ಹೆಸರು ಓದುವ ದಿನ ಅವನ ತಾಯಿ ಮಗಳ ಹೆಸರನ್ನು ಮಾತ್ರ ಕೊಡುವುದಿಲ್ಲವಂತೆ. ಎಲ್ಲೋ ಬದುಕಿದ್ದಾಳೆ ಎನ್ನುತ್ತಾರಂತೆ.

ಆ ವರ್ಷ ಮಹಾಲಯ ಅಮಾವಾಸ್ಯೆ ಬಂತು. ಹಾಲಮ್ಮನವರ ಮನೆಯಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಎಡೆ ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಉಣ್ಣುತ್ತಿರುವವರಿಗೆ ಸೂಚನೆ ಕೊಟ್ಟು, ಒಳಗೆ ಹೋಗಬೇಕು. ಬೆಳಿಗ್ಗೆ ಹಾಲಮ್ಮ ನನ್ನನ್ನು ಕರೆದರು.

"ಮೇಷ್ಟ್ರೇ, ಇಮ್ಮಣ್ಣನ ಹಿರೇರಿಗೂ ಒಂದು ಎಲೆ ಹಾಕ್ತೀನಿ. ಪಾಪ, ಅವ್ರಿಗೆ ಇಲ್ಲಿ ಯಾರು ಅದಾರೆ? ಅವ್ರು ತಿನ್ನೋ ಪೈಕಿನೋ, ತಿನ್ನದಿರೋ ಪೈಕಿನೋ? ಯಾವ ಜನ ಅಂತ ಕೇಳ್ರಿ. ಅಡಿಗೆ ನೋಡ್ಕಂಡು ಮಾಡ್ಬೇಕಲ್ಲ."

ಅವನನ್ನು ಆ ಪ್ರಶ್ನೆ ಕೇಳುವುದು ಹೇಗೆಂದು ನಾನು ಹಿಂಜರಿದೆ. ಆದರೆ ಅಲ್ಲೇ ಇದ್ದ ಇಮ್ಮಣ್ಣನಿಗೆ ಅಷ್ಟು ಕನ್ನಡ ಬರುತ್ತಿತ್ತು. ಅವನು ನಕ್ಕ. "ಯಾವ ಜನ ಎಂದು ಕೇಳಿ ಊಟ ಹಾಕುವವರನ್ನು ಇದೇ ಮೊದಲು ನೋಡುತ್ತಿದ್ದೇನೆ," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ.

ಅಜ್ಜನಿಗೆ, ಅಪ್ಪನಿಗೆ ಹಾಲು, ಅವರೆಕಾಳು ಎಂದು ಹೇಳಿದ. ಆಮೇಲೆ ಒಂದು ಬೇಯಿಸಿದ ಗೆಣಸು ಬೇರೆ ಎಲೆಯಲ್ಲಿ ಇರಲಿ ಎಂದ. ಅದು ತಂಗಿಗೆ. ಅವಳು ಸತ್ತಳೆಂದು ಒಪ್ಪಿದಂತಾಗುತ್ತದೆ, ಬೇಡವೆಂದೆ ನಾನು. "ಎಡೆಯನ್ನು ಯಾರೂ ಮುಟ್ಟುವುದಿಲ್ಲ ಅಂತ ನೀವೇ ಹೇಳುತ್ತೀರಲ್ಲ," ಎಂದ ಅವನು. "ಗೆಣಸು ಹಾಗೇ ಇರುತ್ತದೆ. ಅವಳು ಸತ್ತವರ ಪಂಕ್ತಿಯಲ್ಲಿಲ್ಲ ಅಂತ ಅಮ್ಮನಿಗೆ ಫೋನ್ ಮಾಡುತ್ತೇನೆ. ಅಮ್ಮ ಒಂದು ವರ್ಷ ನಿದ್ದೆ ಮಾಡುತ್ತಾಳೆ." ತಮಾಷೆಯಂತೆ ಹೇಳಿದ. ತಮಾಷೆಯಾಗಿರಲಿಲ್ಲ.

ಸಂಜೆ ಎಡೆ ಇಟ್ಟರು. ಹಾಲಮ್ಮ ತಮ್ಮ ಗಂಡನನ್ನು, ಅತ್ತೆ ಮಾವನನ್ನು ಕರೆದರು. ಇಮ್ಮಣ್ಣ ಅಜ್ಜನನ್ನು, ಅಪ್ಪನನ್ನು ಕರೆದ. "ತಂಗಿನೂ ಕರಿಯಪ್ಪಾ, ಹೆಸರು ಹಿಡಿದು ಕರಿ," ಎಂದರು ಹಾಲಮ್ಮ. ಅವನು ಕರೆಯದೆ ಹೊರಗೆ ನಡೆದ. ಆ ಹುಡುಗಿಯ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿ ಮೂವರೂ ಕಟ್ಟೆಯ ಮೇಲೆ ಕೂತೆವು.

ಬಾಗಿಲು ತಟ್ಟಿ ಒಳಗೆ ಹೋದಾಗ ದೀಪ ಉರಿಯುತ್ತಿತ್ತು. ಹೋಳಿಗೆ, ಅನ್ನ, ಹಾಲು ಎಲ್ಲವೂ ಇಟ್ಟಂತೆಯೇ ಇದ್ದವು. ಗೆಣಸೂ ಇಡಿಯಾಗಿ ಇತ್ತು. ನನಗೆ ನಿರಾಳವಾಯಿತು. ಇಮ್ಮಣ್ಣ ಬಗ್ಗಿ ಅದನ್ನು ಎತ್ತಿಕೊಂಡ. ಅದು ಅವನ ಬೆರಳುಗಳ ನಡುವೆ ಮಡಿಚಿಹೋಯಿತು. ಒಳಗೆ ಏನೂ ಇರಲಿಲ್ಲ. ಬರೀ ಸಿಪ್ಪೆ, ಗೆಣಸಿನ ಆಕಾರಕ್ಕೇ ಜೋಡಿಸಿಟ್ಟಿದ್ದು.

ತಂಗಿ ಹೀಗೇ ಮಾಡುತ್ತಿದ್ದಳಂತೆ. ಗೆಣಸು ತಿಂದು, ಸಿಪ್ಪೆಯನ್ನು ಮತ್ತೆ ಜೋಡಿಸಿ ಅಣ್ಣನ ತಟ್ಟೆಯಲ್ಲಿಟ್ಟು, ಅವನು ಮೋಸಹೋಗಿ ಕೈ ಹಾಕಿದರೆ ಕೇಕೆ ಹಾಕಿ ನಗುತ್ತಿದ್ದಳಂತೆ.

ನಾನು ಕಿಟಕಿ ನೋಡಿದೆ, ಜಾಲರಿ ಭದ್ರವಾಗಿತ್ತು. ನೀರು ಹೋಗುವ ತೂತಿಗೆ ಹೆಂಚು ಮುಚ್ಚಿತ್ತು. ಆದರೂ ಇಲಿ ಇರಬೇಕು ಎಂದೆ. "ಪಕ್ಕದಾಗ ಹೋಳಿಗೆ ಬಿಟ್ಟು ಇಲಿ ಗೆಣಸು ತಿಂತೈತೇನ್ರಿ? ಅದೂ ಸಿಪ್ಪೆ ಬಿಡಿಸ್ಕಂಡು? ನಿಮ್ಮ ಕಾಲೇಜಿನಾಗ ಓದಿದ ಇಲಿ ಇರ್ಬೇಕು ಬಿಡ್ರಿ!" ಎಂದು ಹಾಲಮ್ಮ ನಕ್ಕರು. ಅವರ ಮುಖ ಬೆಳಗುತ್ತಿತ್ತು. ಇಮ್ಮಣ್ಣನ ಬೆನ್ನು ಸವರಿದರು. "ಕರೀದಿದ್ರೂ ಬಂದಾಳ ನೋಡಪ್ಪಾ. ಉಂಡು ಹೋಗ್ಯಾಳ ಮಗಳು. ಇನ್ನ ಅಳಬ್ಯಾಡ." ಅವರ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಇಮ್ಮಣ್ಣನಿಗೆ ಮಾತ್ರ, ಬಂದಳೆಂದರೆ ಸತ್ತಳೆಂದೇ ಅರ್ಥ; ಅವನು ಸಿಪ್ಪೆಯನ್ನು ಮೆಲ್ಲಗೆ ಎಲೆಯಲ್ಲಿ ಸುತ್ತಿದ.

ಎಡೆಯನ್ನು ಹೊಳೆಗೆ ಬಿಡಬೇಕೆಂದು ಮರುದಿನ ನಾವಿಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು. ಅವನ ಊರಿನ ಹೊಳೆಯೂ ಇದೇ ಬಣ್ಣವಂತೆ. ಆ ದಿನಗಳಲ್ಲಿ ಅದು ಹೆಣಗಳನ್ನು ಹೊತ್ತು ಹರಿಯಿತಂತೆ. ಸಿಪ್ಪೆಯನ್ನು ನೀರಿಗೆ ಬಿಟ್ಟ ಮೇಲೆ ಅವನು ಮೆಟ್ಟಿಲ ಮೇಲೆ ಕೂತು ತಾಯಿಗೆ ಫೋನ್ ಮಾಡಿದ. ಭಾಷೆ ನನಗೆ ತಿಳಿಯದು. ಆ ಕಡೆಯ ಹೆಂಗಸಿನ ದನಿ ಒಮ್ಮೆ ಏರಿ, ನಗುವಿನಂತೆ ಕೇಳಿಸಿತು. ಏನು ಹೇಳಿದೆ ಎಂದು ಕೇಳಿದೆ.

"ಗೆಣಸು ಹಾಗೇ ಇತ್ತು ಅಂದೆ."

ಅವನು ಊರಿಗೆ ಮರಳಿ ಬಹಳ ಕಾಲವಾಯಿತು. ನನ್ನನ್ನು ಕಾಡುವುದು ಒಂದೇ ವಿಷಯ. ಸಿಪ್ಪೆ ಜೋಡಿಸುವ ಆಟವನ್ನು ಅವನು ನನಗೆ ಹೇಳಿದ್ದು ಯಾವಾಗ? ಬಾಗಿಲು ತೆರೆಯುವ ಮೊದಲು ಕಟ್ಟೆಯ ಮೇಲೆ, ನಗುತ್ತಾ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹರಿಹರದ ಮೆಟ್ಟಿಲ ಮೇಲೆ, ಫೋನ್ ಇಟ್ಟ ಮೇಲೆ ಹೇಳಿದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಎರಡನೆಯದು ನಿಜವಾದರೆ ಇಲಿಯೋ ಹೆಗ್ಗಣವೋ ತಿಂದದ್ದಕ್ಕೆ ದುಃಖದಲ್ಲಿದ್ದ ಮನಸ್ಸು ಒಂದು ಕಥೆ ಹೊಲಿದುಕೊಂಡಿತು ಎನ್ನಬಹುದು. ಮೊದಲನೆಯದು ನಿಜವಾದರೆ ಅಲ್ಲಿ ಉಂಡು ಹೋದವಳು ಅವಳೇ, ಅಂದರೆ ಅವಳು ಸತ್ತಿದ್ದಾಳೆ ಎನ್ನಬೇಕಾಗುತ್ತದೆ. ಆ ಹುಡುಗಿ ಬದುಕಿರಲಿ ಎಂಬ ಆಸೆಗೆ ನನ್ನ ನೆನಪೇ ಬಾಗುತ್ತಿದೆಯೋ ಏನೋ, ಹೇಳಲಾರೆ.

ಹಾಲಮ್ಮ ಈಗಲೂ ಪ್ರತಿ ವರ್ಷ ಇಮ್ಮಣ್ಣನ ತಂಗಿಗೆಂದು ಒಂದು ಗೆಣಸು ಇಡುತ್ತಾರೆ. ನನ್ನನ್ನೂ ಕರೆಯುತ್ತಾರೆ. ಹೋಗುತ್ತೇನೆ, ಕಟ್ಟೆಯ ಮೇಲೆ ಕೂರುತ್ತೇನೆ. ಒಳಗೆ ಹೋಗಿ ಆ ಗೆಣಸನ್ನು ಒಮ್ಮೆ ಒತ್ತಿ ನೋಡಿದರೆ ಸಾಕು, ಏನಾದರೊಂದು ತಿಳಿದೀತು. ಅವರು ಬಾಗಿಲು ತಟ್ಟಲು ಕೈ ಎತ್ತಿದ ಕೂಡಲೇ ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುತ್ತೇನೆ.